ಕೈ ನಡುಕ, ನಿಧಾನವಾದ ನಡಿಗೆ: ಎಚ್.ಐ.ವಿ.ಯೊಂದಿಗೆ ವರ್ಷಗಟ್ಟಲೆ ಬದುಕಿದವರು ತಿಳಿದಿರಬೇಕಾದದ್ದು

ಕಳೆದ ವರ್ಷ ಐವತ್ತೆರಡು ವರ್ಷದ ಟೈಲರ್ ಒಬ್ಬರು ಮಗನೊಂದಿಗೆ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಅವರ ಕಥೆ ಹೇಳುತ್ತಿದ್ದೇನೆ. ಅವರಿಗೆ ಸೂಜಿಗೆ ನೂಲು ಪೋಣಿಸಲು ಆಗುತ್ತಿರಲಿಲ್ಲ. ಕಣ್ಣಿನ ದೋಷವೆಂದು ಕನ್ನಡಕ ಬದಲಿಸಿದ್ದರು, ಪ್ರಯೋಜನವಾಗಿರಲಿಲ್ಲ. ಅಳತೆ ಬರೆಯುವ ಪುಸ್ತಕವನ್ನು ತೋರಿಸಿದರು. ಒಂದು ವರ್ಷದ ಹಿಂದಿನ ಪುಟದಲ್ಲಿ ದುಂಡಗೆ, ದೊಡ್ಡದಾಗಿದ್ದ ಅಂಕೆಗಳು ಈಚಿನ ಪುಟಗಳಲ್ಲಿ ಇರುವೆ ಸಾಲಿನಂತೆ ಚಿಕ್ಕದಾಗಿದ್ದವು. ನಮಾಝ್‌ನಲ್ಲಿ ಸುಜೂದ್‌ನಿಂದ ಏಳುವಾಗ ಪಕ್ಕದವರ ಭುಜ ಹಿಡಿಯಬೇಕಾಗುತ್ತಿದೆ ಎಂದರು. "ವಯಸ್ಸಾಯಿತಲ್ವಾ ಡಾಕ್ಟ್ರೇ" ಎಂದ ಮಗ.

ಮಗನನ್ನು ನೀರಿನ ಬಾಟಲಿ ತರಲು ಕಳಿಸಿ, ಅವರು ಅಂಗಿಯ ಒಳಜೇಬಿನಿಂದ ಎ.ಆರ್.ಟಿ. ಕೇಂದ್ರದ ಪುಸ್ತಕವನ್ನು ಹೊರತೆಗೆದರು. 2007ರಿಂದ ಒಂದು ದಿನವೂ ತಪ್ಪದೆ ಮಾತ್ರೆ ನುಂಗಿದವರು. ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟದಲ್ಲಿತ್ತು. ಆದರೂ ತಗ್ಗಿದ ದನಿಯಲ್ಲಿ ಕೇಳಿದರು: "ಅದು ಕೊನೆಗೂ ತಲೆಗೆ ಏರಿತೇ?"

ಮಗನ ಊಹೆ, ತಂದೆಯ ಭಯ ಎರಡೂ ತಪ್ಪಾಗಿದ್ದವು. ಹೇಗೆಂದು ತಿಳಿಯಬೇಕಾದರೆ, ಎಚ್.ಐ.ವಿ.ಗೂ ನಮ್ಮ ಮೆದುಳಿಗೂ ಇರುವ ಸಂಬಂಧವನ್ನು ಸ್ವಲ್ಪ ಅರಿಯಬೇಕು.

ಮೆದುಳಿನೊಳಗೆ ಏನಾಗುತ್ತದೆ?

ಎಚ್.ಐ.ವಿ. ಎಂದರೆ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ವೈರಸ್ ಎಂದು ನಾವೆಲ್ಲ ಓದಿದ್ದೇವೆ. ಅದು ಸೋಂಕು ತಗುಲಿದ ಮೊದಲ ವಾರಗಳಲ್ಲೇ ಮೆದುಳನ್ನೂ ತಲುಪುತ್ತದೆ ಎಂಬುದು ಅಷ್ಟಾಗಿ ಪ್ರಚಾರ ಪಡೆದಿಲ್ಲ. ರಕ್ತದ ಕೆಲವು ಬಿಳಿ ಕಣಗಳ ಒಳಗೆ ಕುಳಿತು ಅದು ಅಲ್ಲಿಗೆ ಸಾಗುತ್ತದೆ. ಯೋಚಿಸುವ, ಚಲಿಸುವ ನರಕೋಶಗಳೊಳಗೆ ಅದು ಬೆಳೆಯುವುದಿಲ್ಲ. ಮೆದುಳಿನ ಕಾವಲು ಕೋಶಗಳಲ್ಲಿ ನೆಲೆಸುತ್ತದೆ. ಆ ಕಾವಲು ಕೋಶಗಳು ಕೆರಳಿ ಸುರಿಸುವ ರಾಸಾಯನಿಕಗಳು ಪಕ್ಕದ ನರಕೋಶಗಳಿಗೆ ಹಾನಿ ಮಾಡುತ್ತವೆ. ಮನೆಗೆ ಕಳ್ಳ ಹೊಕ್ಕಾಗ ಕಾವಲುಗಾರ ಬೀಸಿದ ದೊಣ್ಣೆ ಮನೆಯವರ ಮೇಲೇ ಬಿದ್ದ ಹಾಗೆ.

ಈ ಪೆಟ್ಟು ಹೆಚ್ಚಾಗಿ ಬೀಳುವುದು ಮೆದುಳಿನ ಆಳದಲ್ಲಿರುವ ಕೆಲವು ನರಗಂಟುಗಳ ಮೇಲೆ. ವೈದ್ಯರು ಅವನ್ನು ಬೇಸಲ್ ಗ್ಯಾಂಗ್ಲಿಯಾ ಎನ್ನುತ್ತಾರೆ. ನಾವು ನಡೆಯುವಾಗ ಕೈ ತಾನಾಗಿ ಬೀಸುವುದು, ಗುಂಡಿ ಹಾಕುವಾಗ ಬೆರಳು ಯೋಚಿಸದೆ ತಿರುಗುವುದು, ಬೇಡದ ಚಲನೆ ತಡೆದು ಬೇಕಾದದ್ದನ್ನು ಮಾತ್ರ ಬಿಡುವುದು ಇವುಗಳ ಕೆಲಸ. ಇವು ಸರಿಯಾಗಿ ನಡೆಯಲು ಡೋಪಮೈನ್ ಎಂಬ ರಾಸಾಯನಿಕ ಬೇಕು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕಡಿಮೆಯಾಗುವುದೂ ಇದೇ ಡೋಪಮೈನ್. ಎಚ್.ಐ.ವಿ.ಗೆ ಬಹುಕಾಲ ಚಿಕಿತ್ಸೆ ಇಲ್ಲದೆ ಹೋದರೆ ಈ ವ್ಯವಸ್ಥೆಯೂ ಸೊರಗುತ್ತದೆ.

1986ರಲ್ಲಿ ಅಮೆರಿಕದ ನ್ಯೂಯಾರ್ಕ್‌ನಲ್ಲಿ ನವಿಯಾ, ಪ್ರೈಸ್ ಮತ್ತು ಸಂಗಡಿಗರು ಏಡ್ಸ್ ರೋಗಿಗಳಲ್ಲಿ ಕಂಡ ಮೆದುಳಿನ ತೊಂದರೆಯನ್ನು ವಿವರಿಸಿದಾಗ ಮರೆವು, ಮಂಕುತನದ ಜೊತೆಗೆ ಚಲನೆಯ ನಿಧಾನವನ್ನೂ ಮುಖ್ಯ ಲಕ್ಷಣವಾಗಿ ಎಣಿಸಿದ್ದರು. ಭಾರತದಲ್ಲಿ ಎಚ್.ಐ.ವಿ. ಮೊದಲ ಬಾರಿಗೆ ಪತ್ತೆಯಾದದ್ದೂ ಅದೇ ವರ್ಷ, ಚೆನ್ನೈಯಲ್ಲಿ. ಆಗ ಔಷಧವಿರಲಿಲ್ಲ. ನಡಿಗೆ ತಪ್ಪಿದವರು ಕೆಲವೇ ತಿಂಗಳಲ್ಲಿ ಹಾಸಿಗೆ ಹಿಡಿಯುತ್ತಿದ್ದರು. 1996ರ ಹೊತ್ತಿಗೆ ಮೂರು ಔಷಧಗಳನ್ನು ಸೇರಿಸಿ ಕೊಡುವ ಚಿಕಿತ್ಸೆ ಬಂದು ಚಿತ್ರ ಬದಲಾಯಿತು. ನಮ್ಮ ಸರಕಾರ ಉಚಿತ ಎ.ಆರ್.ಟಿ. ಆರಂಭಿಸಿದ್ದು 2004ರ ಏಪ್ರಿಲ್ 1ರಂದು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆ ಕಾಲದಲ್ಲಿ ಮಾತ್ರೆ ಶುರುಮಾಡಿದ ಅನೇಕರು ಇಂದು ಐವತ್ತು, ಅರವತ್ತು ದಾಟಿದ್ದಾರೆ, ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ಅವರ ಕೈ ನಡುಗಿದರೆ ಕಾರಣ ಏನೆಂಬುದು ಈಗ ಹೊಸ ಪ್ರಶ್ನೆ. ಹಳೆಯ ಉತ್ತರವನ್ನೇ ಅದಕ್ಕೆ ಅಂಟಿಸಬಾರದು.

ಇಲ್ಲಿ ಬೆಂಗಳೂರಿನ ಒಂದು ಸಂಶೋಧನೆಯನ್ನೂ ಹೇಳಬೇಕು. ಭಾರತದಲ್ಲಿ ಹೆಚ್ಚಾಗಿ ಹರಡಿರುವುದು ಎಚ್.ಐ.ವಿ.ಯ 'ಸಿ' ಬಗೆ. ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಈ ಬಗೆಯ ವೈರಸ್ಸಿನ 'ಟ್ಯಾಟ್' ಎಂಬ ಪ್ರೋಟೀನಿನಲ್ಲಿ ಒಂದು ಚಿಕ್ಕ ವ್ಯತ್ಯಾಸವಿದೆ. ಅದರಿಂದಾಗಿ ಬಿಳಿ ಕಣಗಳನ್ನು ತನ್ನತ್ತ ಸೆಳೆಯುವ ಅದರ ಶಕ್ತಿ ಕುಂದಿದೆ. ನಮ್ಮಲ್ಲಿ ತೀವ್ರ ಬುದ್ಧಿಮಾಂದ್ಯ ಕಡಿಮೆ ಕಾಣುವುದಕ್ಕೆ ಇದೂ ಕಾರಣವಿರಬಹುದು ಎಂಬ ಚರ್ಚೆ ನಡೆದಿದೆ. ಆದರೆ ಸೌಮ್ಯ ಸ್ವರೂಪದ ಮರೆವು, ನಿಧಾನಗತಿ ನಮ್ಮವರಲ್ಲೂ ಇದೆ. "ನಮ್ಮ ವೈರಸ್ ಸಾಧು" ಎಂದು ಯಾರೂ ನೆಮ್ಮದಿಪಡುವಂತಿಲ್ಲ.

ಎಲ್ಲ ನಡುಕವೂ ಒಂದೇ ಅಲ್ಲ

ವಯಸ್ಸಾದವರಲ್ಲಿ ಸಾಮಾನ್ಯವಾಗಿ ಕಾಣುವ ಪಾರ್ಕಿನ್ಸನ್ ಕಾಯಿಲೆ ಒಂದು ಬದಿಯಲ್ಲಿ ಶುರುವಾಗುತ್ತದೆ. ಕೈ ಸುಮ್ಮನೆ ತೊಡೆಯ ಮೇಲಿರುವಾಗ ನಡುಗುತ್ತದೆ, ಲೋಟ ಹಿಡಿಯಲು ಚಾಚಿದಾಗ ಕಡಿಮೆಯಾಗುತ್ತದೆ. ಎಚ್.ಐ.ವಿ.ಯಿಂದಲೇ ಬರುವ ಪಾರ್ಕಿನ್ಸನ್ ತರಹದ ತೊಂದರೆ ಹೆಚ್ಚಾಗಿ ಎರಡೂ ಬದಿಗೆ ಒಟ್ಟಿಗೆ ಬರುತ್ತದೆ. ಅದರಲ್ಲಿ ನಡುಕಕ್ಕಿಂತ ಬಿಗಿತ ಮತ್ತು ನಿಧಾನ ಹೆಚ್ಚು. ಸಮತೋಲ ಬೇಗನೆ ತಪ್ಪುತ್ತದೆ, ಬೀಳುವುದು ಮೊದಲ ದಿನಗಳಲ್ಲೇ ಶುರುವಾಗುತ್ತದೆ. ವೈರಸ್ ಹತೋಟಿಯಲ್ಲಿ ಇಲ್ಲದವರಲ್ಲಿ, ಮಾತ್ರೆ ಬಿಟ್ಟವರಲ್ಲಿ ಇದು ಕಾಣುವುದು ಹೆಚ್ಚು. ಸರಿಯಾದ ಎ.ಆರ್.ಟಿ. ಸಿಕ್ಕಿದಾಗ ಎಷ್ಟೋ ಮಂದಿ ಚೇತರಿಸುತ್ತಾರೆ. ಹೇಳಬೇಕಾದ ಇನ್ನೊಂದು ಸಂಗತಿ: ಎಚ್.ಐ.ವಿ. ಇದ್ದವರಿಗೂ, ಅದಕ್ಕೆ ಸಂಬಂಧವೇ ಇಲ್ಲದೆ, ಎಲ್ಲರಿಗೆ ಬರುವ ಪಾರ್ಕಿನ್ಸನ್ ಬರಬಹುದು.

ಒಂದು ಕೈ ಅಥವಾ ಒಂದು ಬದಿಯ ಕೈಕಾಲು ತನ್ನಷ್ಟಕ್ಕೆ ಕುಣಿಯತೊಡಗಿದರೆ, ಎಸೆದಂತೆ ಬೀಸತೊಡಗಿದರೆ ಅದು ಬೇರೆಯೇ ಸಂಗತಿ. ಹಳ್ಳಿಗಳಲ್ಲಿ ಇದನ್ನು ದೃಷ್ಟಿ, ಗಾಳಿ ಎಂದು ಹೇಳಿ ದಿನ ಕಳೆಯುತ್ತಾರೆ. ಅಷ್ಟರಲ್ಲಿ ಅಮೂಲ್ಯ ಸಮಯ ಹೋಗಿರುತ್ತದೆ. ಎಚ್.ಐ.ವಿ. ಇರುವವರಲ್ಲಿ ಇದಕ್ಕೆ ಪ್ರಮುಖ ಕಾರಣ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ಬೆಕ್ಕಿನ ಮಲ ಬೆರೆತ ಮಣ್ಣು, ಸರಿಯಾಗಿ ಬೇಯದ ಮಾಂಸದ ಮೂಲಕ ಇದು ದೇಹ ಸೇರಿ ವರ್ಷಗಟ್ಟಲೆ ಸುಮ್ಮನಿರುತ್ತದೆ. ಸಿ.ಡಿ.4 ಕಣಗಳ ಸಂಖ್ಯೆ 100ಕ್ಕಿಂತ ಕೆಳಗಿಳಿದಾಗ ಮೆದುಳಿನಲ್ಲಿ ಎಚ್ಚೆತ್ತು ಗಡ್ಡೆ ಕಟ್ಟುತ್ತದೆ. ಚಿಕಿತ್ಸೆ ಇದೆ, ಬಹಳ ಜನರಲ್ಲಿ ಎರಡು ವಾರದೊಳಗೆ ಸುಧಾರಣೆಯೂ ಕಾಣುತ್ತದೆ. ಕೆಲವರಿಗೆ ಎಚ್.ಐ.ವಿ. ಇದೆ ಎಂದು ಗೊತ್ತಾಗುವುದೇ ಈ ಕೈ ಕುಣಿತದಿಂದ. ಆದ್ದರಿಂದ ಮಧ್ಯವಯಸ್ಸಿನವರೊಬ್ಬರಿಗೆ ಕಾರಣವಿಲ್ಲದೆ ಹೀಗಾದಾಗ ವೈದ್ಯರು ಎಚ್.ಐ.ವಿ. ಪರೀಕ್ಷೆ ಮಾಡಿಸೋಣ ಎಂದರೆ ಅವಮಾನವೆಂದು ತಿಳಿಯಬೇಡಿ. ರಕ್ತದ ಸಕ್ಕರೆ ವಿಪರೀತ ಏರಿದಾಗಲೂ ಒಂದು ಬದಿಯ ಕೈಕಾಲು ಹೀಗೆ ಕುಣಿಯಬಹುದು. ಸಕ್ಕರೆ ಇಳಿದಾಗ ಅದೂ ಹೆಚ್ಚಾಗಿ ಇಳಿಯುತ್ತದೆ.

ಕ್ಷಯದ ಮೆದುಳುಜ್ವರವನ್ನು ಮರೆಯುವಂತಿಲ್ಲ. ನಮ್ಮ ದೇಶದಲ್ಲಿ ಎಚ್.ಐ.ವಿ. ಮತ್ತು ಕ್ಷಯ ಜೊತೆಜೊತೆಗೇ ನಡೆದಿವೆ. ವಾರಗಟ್ಟಲೆ ಜ್ವರ, ತಲೆನೋವು, ವಾಂತಿ ಇದ್ದು ಅದರ ಜೊತೆ ನಡುಕವೋ ಬಲಹೀನತೆಯೋ ಬಂದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಎ.ಆರ್.ಟಿ. ಶುರುಮಾಡಿದ ಮೊದಲ ವಾರಗಳಲ್ಲಿ ಹೀಗಾದರೆ "ಮಾತ್ರೆ ಆಗಿಬರಲಿಲ್ಲ" ಎಂದು ನಿಲ್ಲಿಸಬೇಡಿ. ಅಡಗಿದ್ದ ಸೋಂಕಿನ ವಿರುದ್ಧ ದೇಹ ಈಗಷ್ಟೇ ಹೋರಾಡಲು ಶುರುಮಾಡಿರಬಹುದು. ಏನು ಮಾಡಬೇಕೆಂದು ವೈದ್ಯರೇ ನಿರ್ಧರಿಸಲಿ.

ಇನ್ನು ಕೆಲವರದು ಮೆದುಳಿನ ದೋಷವೇ ಅಲ್ಲ, ಪಾದದ ನರಗಳ ದೋಷ. ಆರಂಭದ ವರ್ಷಗಳಲ್ಲಿ ಕೊಡುತ್ತಿದ್ದ ಸ್ಟಾವುಡಿನ್ ಎಂಬ ಔಷಧ ಅನೇಕರ ಪಾದಗಳಲ್ಲಿ ಜೋಮು, ಉರಿ ಉಳಿಸಿಹೋಗಿದೆ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಹಂತಹಂತವಾಗಿ ಕೈಬಿಡಲು ಹೇಳಿತು. ಇಂದು ಅದು ಬಳಕೆಯಲ್ಲಿಲ್ಲ, ಅದರ ಗುರುತು ಮಾತ್ರ ಕೆಲವರ ಕಾಲಲ್ಲಿದೆ. ಇಂಥವರಿಗೆ ಪಾದ ನೆಲದ ಮೇಲೆ ಎಲ್ಲಿದೆ ಎಂದು ತಿಳಿಯುವುದಿಲ್ಲ, ಕಣ್ಣಿನ ಸಹಾಯದಿಂದ ನಡೆಯುತ್ತಾರೆ. ವುಝೂ ಮಾಡುತ್ತಾ ಕಣ್ಣು ಮುಚ್ಚಿ ಮುಖಕ್ಕೆ ನೀರು ಹಾಕಿಕೊಳ್ಳುವಾಗ ವಾಲುತ್ತೀರಾ? ಕತ್ತಲಲ್ಲಿ ಮಾತ್ರ ತಡವರಿಸುತ್ತೀರಾ? ಹಾಗಿದ್ದರೆ ಈ ವಿಷಯವನ್ನು ವೈದ್ಯರಿಗೆ ಇದೇ ಮಾತುಗಳಲ್ಲಿ ಹೇಳಿ. ಅರ್ಧ ರೋಗನಿರ್ಣಯ ಅಲ್ಲೇ ಆಗುತ್ತದೆ. ಬಿ12 ಜೀವಸತ್ವದ ಕೊರತೆಯೂ ಹೀಗೆಯೇ ಮಾಡುತ್ತದೆ, ಅದನ್ನು ಸುಲಭವಾಗಿ ತುಂಬಿಸಬಹುದು.

ಚೀಲದೊಳಗಿನ ಅಪರಾಧಿ

ಈಗ ನಮ್ಮ ಟೈಲರ್ ವಿಷಯಕ್ಕೆ ಬರೋಣ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ತನ್ನಿ ಎಂದೆ. ಎ.ಆರ್.ಟಿ. ಡಬ್ಬಿ, ಬಿ.ಪಿ. ಮಾತ್ರೆಯ ಜೊತೆಗೆ ಗ್ಯಾಸ್ಟ್ರಿಕ್ ಕ್ಯಾಪ್ಸೂಲ್ ಒಂದಿತ್ತು. ಹತ್ತು ದಿನಕ್ಕೆಂದು ಯಾರೋ ಬರೆದುಕೊಟ್ಟದ್ದನ್ನು ಇವರು ಮೆಡಿಕಲ್ ಶಾಪಿನಲ್ಲಿ ಖಾಲಿ ಪಟ್ಟಿ ತೋರಿಸಿ ಹನ್ನೊಂದು ತಿಂಗಳಿನಿಂದ ತಿನ್ನುತ್ತಿದ್ದರು. ಅದರಲ್ಲಿ ಆಮ್ಲ ತಗ್ಗಿಸುವ ಔಷಧದೊಂದಿಗೆ ಲೆವೊಸಲ್ಪಿರೈಡ್ ಬೆರೆತಿತ್ತು. ಇದು ಹೊಟ್ಟೆಯುಬ್ಬರಕ್ಕೆ ಒಳ್ಳೆಯದೇ. ಆದರೆ ಇದು ಡೋಪಮೈನ್‌ನ ಕೆಲಸವನ್ನು ತಡೆಯುವ ಔಷಧ. ತಿಂಗಳುಗಟ್ಟಲೆ ತೆಗೆದುಕೊಂಡರೆ ಪಾರ್ಕಿನ್ಸನ್‌ನಂತೆಯೇ ಕಾಣುವ ತೊಂದರೆ ತರಬಲ್ಲದು.

ಇದೊಂದೇ ಅಲ್ಲ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಪ್ರೋಕ್ಲೋರ್‌ಪೆರಜಿನ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಮೈಗ್ರೇನ್‌ಗೆ ಕೊಡುವ ಫ್ಲುನರಿಜಿನ್, ಮನೋರೋಗಕ್ಕೆ ಕೊಡುವ ಹ್ಯಾಲೊಪೆರಿಡಾಲ್ ಇವೆಲ್ಲಕ್ಕೂ ಈ ಗುಣವಿದೆ. ಯಾರಿಗೇ ಆದರೂ ಇದು ಆಗಬಹುದು. ಎಚ್.ಐ.ವಿ.ಯಿಂದ ಡೋಪಮೈನ್ ವ್ಯವಸ್ಥೆ ಮೊದಲೇ ಸೊರಗಿರುವವರಲ್ಲಿ ಬೇಗ ಆಗುತ್ತದೆ, ಕಡಿಮೆ ಪ್ರಮಾಣದಲ್ಲೂ ಆಗುತ್ತದೆ. ಫಿಟ್ಸ್‌ಗೆ ಕೊಡುವ ವಾಲ್‌ಪ್ರೋಯೇಟ್, ಉಬ್ಬಸದ ಸಾಲ್ಬುಟಮಾಲ್ ಕೈನಡುಕ ತರುತ್ತವೆ. ಎ.ಆರ್.ಟಿ.ಯಲ್ಲೇ ಒಂದಾದ ಎಫಾವಿರೆಂಜ್ ಕೆಲವರಲ್ಲಿ ತಲೆಸುತ್ತು, ತೂರಾಟ ಉಂಟುಮಾಡುತ್ತದೆ. ಈಗ ಹೆಚ್ಚಿನವರಿಗೆ ಅದರ ಬದಲು ಡೊಲುಟೆಗ್ರವಿರ್ ಸಿಗುತ್ತಿದೆ. ಅದಕ್ಕೂ ಒಂದು ನಿಯಮವಿದೆ: ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಆ್ಯಂಟಾಸಿಡ್ ಸಿರಪ್ಪನ್ನು ಅದರ ಜೊತೆಗೇ ಕುಡಿದರೆ ಔಷಧ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಡೊಲುಟೆಗ್ರವಿರ್ ನುಂಗಿ ಎರಡು ಗಂಟೆಯಾದ ಮೇಲೆ ಸಿರಪ್ ಕುಡಿಯಬಹುದು. ಸಿರಪ್ ಮೊದಲು ಕುಡಿದಿದ್ದರೆ ಆರು ಗಂಟೆ ಕಾಯಬೇಕು. "ಗ್ಯಾಸ್‌ಗೆ ತಾನೇ" ಎಂದು ಅಂಗಡಿಯಿಂದ ತಂದು ಕುಡಿಯುವುದನ್ನು ವೈದ್ಯರಿಗೆ ಹೇಳದಿದ್ದರೆ ಇಂಥ ನಷ್ಟವೂ ಆಗುತ್ತದೆ.

ಈ ಹೆಸರುಗಳನ್ನು ಓದಿ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಮುಖ್ಯವಾಗಿ ಮನೋರೋಗದ, ಫಿಟ್ಸ್‌ನ ಮತ್ತು ಎ.ಆರ್.ಟಿ. ಮಾತ್ರೆಗಳನ್ನು. ಬದಲಿಸುವುದಕ್ಕೆ ಬೇರೆ ಔಷಧಗಳಿವೆ, ಅದನ್ನು ಬರೆದುಕೊಟ್ಟವರೇ ಬದಲಿಸಬೇಕು.

ಇಷ್ಟಕ್ಕೂ ಆ ಟೈಲರ್ ಹನ್ನೊಂದು ತಿಂಗಳಲ್ಲಿ ಎ.ಆರ್.ಟಿ. ಕೇಂದ್ರಕ್ಕೆ ಹಲವು ಬಾರಿ ಹೋಗಿದ್ದರು. ಊರಿನ ವೈದ್ಯರನ್ನೂ ಕಂಡಿದ್ದರು. ಎ.ಆರ್.ಟಿ. ಕೇಂದ್ರದಲ್ಲಿ ಗ್ಯಾಸ್ ಮಾತ್ರೆಯ ವಿಷಯ ಹೇಳಿರಲಿಲ್ಲ, ಅದೇನು ದೊಡ್ಡ ವಿಷಯ ಎಂದು. ಊರಿನ ವೈದ್ಯರಲ್ಲಿ ಎಚ್.ಐ.ವಿ. ವಿಷಯ ಹೇಳಿರಲಿಲ್ಲ, ಅದು ಬಹಳ ದೊಡ್ಡ ವಿಷಯ ಎಂದು. ಹೀಗೆ ಇಬ್ಬರ ಕೈಯಲ್ಲೂ ಅರ್ಧರ್ಧ ಕಾಗದವಿತ್ತು. ನನ್ನ ಅನುಭವದಲ್ಲಿ ಈ ರೋಗಿಗಳಿಗೆ ವೈರಸ್ಸಿನಷ್ಟೇ ಹಾನಿ ಮಾಡುವುದು ಈ ಮುಚ್ಚುಮರೆ. ಅದಕ್ಕಾಗಿ ರೋಗಿಯನ್ನು ದೂರಲಾರೆ. ನೆರೆಕರೆಯಲ್ಲಿ ಒಂದು ಮಾತು ಹರಡಿದರೆ ಮಗಳ ಮದುವೆ ಮಾತುಕತೆ ಮುರಿದುಬೀಳುವ ಊರುಗಳು ನಮ್ಮವು.

ಆದರೂ ನೀವು ತಿಳಿದಿರಬೇಕಾದ ಕಾನೂನೊಂದಿದೆ. 2017ರ ಎಚ್.ಐ.ವಿ. ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಎಚ್.ಐ.ವಿ. ಇರುವ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದು, ಭೇದ ತೋರುವುದು ನಿಷಿದ್ಧ. ವೈದ್ಯರೊಡನೆ ನಂಬಿ ಹೇಳಿದ್ದನ್ನು ನಿಮ್ಮ ಒಪ್ಪಿಗೆಯಿಲ್ಲದೆ ಹೊರಗೆಡಹುವಂತಿಲ್ಲ. ಮಗನ ಮುಂದೆ ಹೇಳಲು ಇಷ್ಟವಿಲ್ಲದಿದ್ದರೆ "ಒಂದು ನಿಮಿಷ ಒಬ್ಬನೇ ಮಾತಾಡಬೇಕು" ಎಂದು ಕೇಳಿ. ಎ.ಆರ್.ಟಿ. ಕೇಂದ್ರದ ಆಪ್ತಸಮಾಲೋಚಕರೂ ನೆರವಾಗುತ್ತಾರೆ. ರಾಷ್ಟ್ರೀಯ ಉಚಿತ ಸಹಾಯವಾಣಿ 1097ಕ್ಕೆ ಹೆಸರು ಹೇಳದೆಯೂ ಕರೆ ಮಾಡಿ ವಿಚಾರಿಸಬಹುದು.

ಪರೀಕ್ಷೆ, ಚಿಕಿತ್ಸೆ, ಮನೆ

ನಡುಕವೆಂದು ಹೋದವರಿಗೆ ವೈದ್ಯರು ಮೊದಲು ರಕ್ತದ ಸಕ್ಕರೆ, ಥೈರಾಯ್ಡ್, ಬಿ12, ಸಿಫಿಲಿಸ್ ಪರೀಕ್ಷೆ, ವೈರಲ್ ಲೋಡ್, ಸಿ.ಡಿ.4 ನೋಡುತ್ತಾರೆ. ಬೇಕೆನಿಸಿದರೆ ಮೆದುಳಿನ ಎಂ.ಆರ್.ಐ. ಮಾಡಿಸುತ್ತಾರೆ. ಅಪರೂಪಕ್ಕೆ ರಕ್ತದಲ್ಲಿ ವೈರಸ್ ಪತ್ತೆಯಾಗದಿದ್ದರೂ ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ ಇರುವುದುಂಟು, ಅದಕ್ಕೆ ಬೆನ್ನಿನಿಂದ ನೀರು ತೆಗೆದು ನೋಡಬೇಕಾಗುತ್ತದೆ. ಬೆನ್ನಿನ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ ಎಂದು ಹೆದರಿಸುವವರು ಪ್ರತಿ ವಾರ್ಡಿನಲ್ಲೂ ಒಬ್ಬರಿರುತ್ತಾರೆ. ಅವರ ಮಾತಿಗೆ ಬೆಲೆ ಕೊಡಬೇಡಿ.

ಕಾರಣ ಸಿಕ್ಕಿದರೆ ಅದಕ್ಕೇ ಚಿಕಿತ್ಸೆ. ಸಿಗದಿದ್ದರೆ ಅಥವಾ ನಿಜವಾದ ಪಾರ್ಕಿನ್ಸನ್ ಎಂದಾದರೆ ಲೆವೊಡೋಪಾ ಮಾತ್ರೆ ಸಣ್ಣ ಪ್ರಮಾಣದಲ್ಲಿ ಶುರುಮಾಡುತ್ತಾರೆ. ಎಚ್.ಐ.ವಿ.ಯಿಂದ ಬಂದ ತೊಂದರೆಗೆ ಇದು ಕೆಲವರಲ್ಲಿ ಚೆನ್ನಾಗಿ, ಕೆಲವರಲ್ಲಿ ಅಷ್ಟಕ್ಕಷ್ಟೇ ಕೆಲಸ ಮಾಡುತ್ತದೆ. ಮಾಂಸ, ಮೊಟ್ಟೆ, ಬೇಳೆಯ ಊಟದ ಜೊತೆ ನುಂಗಿದರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳುವುದು ಒಳ್ಳೆಯದು. ದಿಢೀರನೆ ನಿಲ್ಲಿಸುವುದು ಅಪಾಯ. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮರೆವು ಹೆಚ್ಚಿಸಬಹುದು. ಮನೆಯವರು ಗಮನಿಸಿ ತಿಳಿಸಬೇಕು.

ರಮಝಾನ್ ಬಂದಾಗ ಈ ಪ್ರಶ್ನೆ ತಪ್ಪದೆ ಬರುತ್ತದೆ. ದಿನಕ್ಕೊಂದೇ ಎ.ಆರ್.ಟಿ. ಮಾತ್ರೆ ನುಂಗುವವರು ವೈದ್ಯರನ್ನು ಕೇಳಿ ಅದನ್ನು ಇಫ್ತಾರ್‌ನ ನಂತರ ನಿಗದಿತ ಹೊತ್ತಿಗೆ ಬದಲಿಸಿಕೊಳ್ಳಬಹುದು. ಲೆವೊಡೋಪಾ ದಿನಕ್ಕೆ ಮೂರು ನಾಲ್ಕು ಬಾರಿ ಬೇಕಾಗುವ ಔಷಧ. ಹಗಲಿನ ಮಾತ್ರೆ ತಪ್ಪಿದರೆ ಮೈ ಸೆಟೆದು ಬೀಳುವ ಅಪಾಯವಿದೆ. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಇರುವುದು ಎಲ್ಲರಿಗೂ ಗೊತ್ತಿದೆ, ಆದರೂ ಮನೆಯ ಹಿರಿಯರು ಹಟ ಹಿಡಿಯುತ್ತಾರೆ. ಶಾಬಾನ್ ತಿಂಗಳಲ್ಲೇ ವೈದ್ಯರ ಬಳಿ ಕುಳಿತು ಮಾತಾಡಿ ಮುಗಿಸಿಕೊಂಡರೆ ಸಹರಿಯ ಹೊತ್ತಿನ ವಾಗ್ವಾದ ತಪ್ಪುತ್ತದೆ.

ಮನೆಯಲ್ಲಿ ಬೀಳುವುದು ಹೆಚ್ಚಾಗಿ ಬಚ್ಚಲಲ್ಲಿ, ಒದ್ದೆ ನೆಲದಲ್ಲಿ. ಒಂದು ಕಾಲೆತ್ತಿ ಸಿಂಕಿಗಿಟ್ಟು ತೊಳೆಯುವ ಅಭ್ಯಾಸ ಬಿಟ್ಟು, ಗೋಡೆಗೆ ತಾಗಿಸಿದ ಸ್ಟೂಲಿನಲ್ಲಿ ಕುಳಿತು ತೊಳೆಯಲಿ. ಗೋಡೆಗೆ ಹಿಡಿಕೆ ಹಾಕಿಸಿ. ಹಿಂಬದಿ ಪಟ್ಟಿಯಿಲ್ಲದ ಚಪ್ಪಲಿ, ಮಡಿಕೆ ಬಿದ್ದ ಚಾಪೆ, ನೆಲಕ್ಕೆ ತಾಗುವ ಲುಂಗಿ ಬೇಡ. ಬಾಗಿಲ ಬಳಿ ಕಾಲು ಅಂಟಿಕೊಂಡಂತೆ ನಿಂತುಬಿಡುವವರಿಗೆ ನೆಲದ ಮೇಲೆ ಹೆಜ್ಜೆಯಳತೆಗೆ ಬಣ್ಣದ ಟೇಪ್ ಗೆರೆ ಅಂಟಿಸಿದರೆ ಗೆರೆ ದಾಟುತ್ತಾ ಸಲೀಸಾಗಿ ನಡೆಯುತ್ತಾರೆ. ಕೈ ಹಿಡಿದು ಎಳೆಯಬಾರದು. ದಿನವೂ ಅರ್ಧ ಗಂಟೆ ನಡಿಗೆ ಇರಲಿ. ಮನೆಯವರಿಗೆ ಇನ್ನೊಂದು ಮಾತು: ಇವರ ತಟ್ಟೆಯಲ್ಲಿ ಉಂಡರೆ, ಅಂಗಿಗೆ ಗುಂಡಿ ಹಾಕಿಕೊಟ್ಟರೆ, ಬಿದ್ದವರನ್ನು ತಬ್ಬಿ ಎತ್ತಿದರೆ ಎಚ್.ಐ.ವಿ. ಹರಡುವುದಿಲ್ಲ. ಬಿದ್ದು ಗಾಯವಾಗಿ ರಕ್ತ ಬಂದಿದ್ದರೆ ಯಾರ ಗಾಯಕ್ಕಾದರೂ ಮಾಡುವಂತೆ ಗ್ಲೌಸ್ ಹಾಕಿ ಒರೆಸಿ, ಅಷ್ಟೇ.

ಟೈಲರ್ ಅವರ ಕ್ಯಾಪ್ಸೂಲನ್ನು ಅಂದೇ ನಿಲ್ಲಿಸಿದೆವು. ಮೊದಲ ತಿಂಗಳು ಏನೂ ಬದಲಾಗಲಿಲ್ಲ, ಅವರು ನಿರಾಶರಾಗಿದ್ದರು. ಇಂಥ ತೊಂದರೆ ಇಳಿಯಲು ವಾರಗಳಿಂದ ಹಿಡಿದು ಆರು ತಿಂಗಳಿಗೂ ಹೆಚ್ಚು ಬೇಕಾಗಬಹುದು. ನಾಲ್ಕನೇ ತಿಂಗಳು ಅಳತೆ ಪುಸ್ತಕ ತಂದು ತೋರಿಸಿದರು, ಅಂಕೆಗಳು ಮತ್ತೆ ದೊಡ್ಡದಾಗಿದ್ದವು. ಬಲಗೈ ಮಾತ್ರ ಇನ್ನೂ ಕೊಂಚ ನಿಧಾನ. ಔಷಧ ಬರಿಯ ನೆಪವಾಗಿ ಒಳಗಿದ್ದ ಪಾರ್ಕಿನ್ಸನ್ ಹೊರಬಂದಿದೆಯೇ ಎಂದು ನೋಡಲು ನರರೋಗ ತಜ್ಞರು ಆರು ತಿಂಗಳಿಗೊಮ್ಮೆ ಪರೀಕ್ಷಿಸುತ್ತಿದ್ದಾರೆ. ಮಗನಿಗೆ ಅವರು ಇನ್ನೂ ಹೇಳಿಲ್ಲ. ಆದರೆ ತಾನು ನುಂಗುವ ಎಲ್ಲ ಮಾತ್ರೆಗಳ ಹೆಸರನ್ನು ಅಳತೆ ಪುಸ್ತಕದ ಕೊನೆಯ ಪುಟದಲ್ಲಿ ಬರೆಸಿಕೊಂಡಿದ್ದಾರೆ. ಎ.ಆರ್.ಟಿ. ಕೇಂದ್ರಕ್ಕೆ ಹೋಗುವಾಗಲೂ ಊರಿನ ವೈದ್ಯರಲ್ಲಿಗೆ ಹೋಗುವಾಗಲೂ ಆ ಪುಟವನ್ನು ತೋರಿಸುತ್ತಾರೆ.